ಬಾಗಿಲಿಗೆ ಅಂಟಿಸದ ಸಮನ್ಸು

ಆ ಬಾಗಿಲಿಗೆ ನಾನು ಯಾವ ಕಾಗದವನ್ನೂ ಅಂಟಿಸಲಿಲ್ಲ, ಜಯಮ್ಮ. ಅಂಟಿಸುವುದಿರಲಿ, ನಿಮ್ಮ ಹೊಸ್ತಿಲಿನ ಹತ್ತಿರಕ್ಕೂ ಬರಲಿಲ್ಲ. ನೀನು ಸಮನ್ಸು ಬೇಡವೆಂದು ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡೆ ಎಂದು ಕೋರ್ಟಿನ ಕಟಕಟೆಯಲ್ಲಿ ನಿಂತು ದೇವರಾಣೆ ಮಾಡಿ ಹೇಳಿದೆನಲ್ಲ — ಸುಳ್ಳು, ಅಷ್ಟೂ ಸುಳ್ಳು. ಆ ದಿನದವರೆಗೆ ನಾನು ನಿನ್ನ ಮುಖವನ್ನೇ ಕಂಡವನಲ್ಲ. ಹದಿನಾಲ್ಕು ವರ್ಷ ನೀನು ಮಾಡದ ತಪ್ಪನ್ನು ಹೊತ್ತೆ. ಮಾಡಿದವನು ನಾನು, ಬಂಗಾರಪೇಟೆ ಕೋರ್ಟಿನ ಸಮನ್ಸು ಮುಟ್ಟಿಸುವ ಅಮೀನ ವೆಂಕಟಪ್ಪ, ಪಿಂಚಣಿ ತಿಂದುಕೊಂಡು ಸುಖವಾಗಿದ್ದೇನೆ.

ನಿನಗೆ ಓದಲು ಬಾರದೆಂದು ಗೊತ್ತು. ಆದರೂ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳುವ ಮೊದಲು ಒಂದು ಸಲವಾದರೂ ಈ ಕೈ ನಿಜವನ್ನು ಬರೆಯಲಿ. ಮೂವತ್ತು ವರ್ಷ ಮರದ ಕೆಳಗೆ, ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲಿನ ಬೆಂಚಿನ ಮೇಲೆ ಕೂತು ತನಗೆ ತೋಚಿದ್ದನ್ನು ಬರೆದ ಕೈ ಇದು.

ಮೊದಲು ನಿನ್ನ ಗಂಡ ಮುನಿರಾಜು ನನ್ನನ್ನು ಹೊಡೆದ ವಿಷಯ ಹೇಳಬೇಕು. ನೆಪ ಹೇಳುತ್ತಿದ್ದಾನೆ ಎಂದುಕೊಳ್ಳಬೇಡ — ಅವನು ಹೊಡೆದದ್ದು ನ್ಯಾಯವಾಗಿಯೇ ಇತ್ತು. ಉರಿಗಾಂನ ಗಣಿ ಕೆಲಸಗಾರರ ಮನೆಸಾಲುಗಳಲ್ಲಿ, ನಿಮ್ಮ ಮನೆಯ ಹಿಂದಿನ ಲೈನಿನಲ್ಲಿ ಒಬ್ಬ ಮುದುಕಿಯನ್ನು ಮನೆ ಬಿಡಿಸಲು ವಾರೆಂಟು ಹಿಡಿದು ಹೋಗಿದ್ದೆ. ಗಂಜಿ ಕುದಿಯುತ್ತಿದೆ, ಇಳಿಸಿಕೊಂಡು ಹೋಗುತ್ತೇನೆ ಎಂದಳು ಅವಳು. ನನಗೋ ಕೋಪ ಮೂಗಿನ ತುದಿಯಲ್ಲಿ. ಪಾತ್ರೆಯನ್ನು ಒದ್ದೆ. ಕುದಿಯುವ ಗಂಜಿ ಅವಳ ಪಾದದ ಮೇಲೆ ಬಿತ್ತು, ಚರ್ಮ ಹಾಗೇ ಸುಲಿದು ಬಂತು. ಆ ಕಿರುಚಾಟ ಕೇಳಿ ಮುನಿರಾಜು ಓಡಿ ಬಂದ. ಆಗಷ್ಟೇ ಗಣಿಯಿಂದ ಮೇಲೆ ಬಂದಿದ್ದನೇನೋ, ಕೈಯಲ್ಲಿ ಬೆಲ್ಟಿತ್ತು. ಬಕಲಿನ ಕಡೆಯಿಂದಲೇ ಬಾರಿಸಿದ. ನನ್ನ ಎರಡು ಹಲ್ಲು ಹೋದವು. ನೆಲಕ್ಕೆ ಕೆಡವಿ ಎದೆಯ ಮೇಲೆ ಮೊಣಕಾಲಿಟ್ಟು ಅವನು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ಲೇ ಅಮೀನಾ, ಇನ್ನೊಂದ್ ದಪ ಈ ಲೈನ್‌ಗೆ ಕಾಲಿಕ್ಕಿದ್ರೆ ನಿನ್ ಸಮನ್ಸ್ ಜೊತೆಗೇ ನಿನ್ನೂ ಊತಾಕ್ಬಿಡ್ತೀನಿ ಕಣ್ಲಾ!"

ನಾನು ದೂರು ಕೊಡಲಿಲ್ಲ. ಕೊಟ್ಟರೆ ಗಂಜಿಯ ಕತೆ ಹೊರಬೀಳುತ್ತಿತ್ತು. ಮೆಟ್ಟಿಲಿಂದ ಜಾರಿ ಬಿದ್ದೆ ಎಂದು ಹೆಂಡತಿಗೆ ಹೇಳಿದೆ. ಹೊಟ್ಟೆಯೊಳಗೆ ಮಾತ್ರ ಕೆಂಡ ಆರಲಿಲ್ಲ.

ಆ ಮೇಲೆ ಐದಾರು ತಿಂಗಳಿಗೆ ಆ ಸಮನ್ಸು ಬಂತು. ನಿನ್ನ ನಾದಿನಿ ನಾಗರತ್ನಳ ಹೆಸರಿಗೆ. ಅವಳ ಗಂಡ ಸಂಪಂಗಿ ನಮ್ಮ ಗಣಿಯಲ್ಲಿ ಪಂಪು ನೋಡಿಕೊಳ್ಳುವ ಫಿಟ್ಟರಾಗಿದ್ದು, ಜಾಂಬಿಯಾದ ತಾಮ್ರದ ಗಣಿಗೆ ಹೋದವನು. ಹೆಂಡತಿ ಮಗುವನ್ನೂ ಕರೆಸಿಕೊಂಡ. ಕರೆಸಿಕೊಂಡು ಏನು ಮಾಡಿದ ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು — ಅವಳ ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಗುರುತಿಗೆ ಎಣ್ಣೆ ಸವರಿದವಳು ನೀನು. ನಾಲ್ಕು ವರ್ಷದ ಮಂಜುಳಳನ್ನು ಎತ್ತಿಕೊಂಡು ಅವಳು ತಪ್ಪಿಸಿಕೊಂಡು ಬಂದು ಅಣ್ಣನ ಮನೆ ಸೇರಿದಳು. ಸಂಪಂಗಿ ಆ ದೇಶದ ಕೋರ್ಟಿಗೆ ಹೋದ. ಹೆಂಡತಿ ಮಗುವನ್ನು ಕದ್ದುಕೊಂಡು ಓಡಿಹೋಗಿದ್ದಾಳೆ, ವಿಚ್ಛೇದನ ಕೊಡಿ, ಮಗುವನ್ನು ನನಗೆ ಒಪ್ಪಿಸಿ ಎಂದು ಕೇಳಿದ.

ಆ ಕೋರ್ಟಿನ ಸಮನ್ಸು ದೆಹಲಿಗೆ ಬಂದು, ಬೆಂಗಳೂರಿಗೆ ಬಂದು, ಕೋಲಾರಕ್ಕೆ ಬಂದು, ಪ್ರತಿಯೊಂದು ಕಡೆಯೂ ಒಂದೊಂದು ಮೊಹರು ಹೊಡೆಸಿಕೊಂಡು ನಮ್ಮ ಟೇಬಲಿಗೆ ಬಿತ್ತು. ದಪ್ಪನೆಯ ಕಾಗದ, ಮೂಲೆಯಲ್ಲಿ ಕೆಂಪು ಅರಗು. ಅಂಥದ್ದನ್ನು ನಾನು ಕಂಡೇ ಇರಲಿಲ್ಲ. ಶಿರಸ್ತೇದಾರರು ಇಂಗ್ಲಿಷ್ ಓದಿ ಅರ್ಥ ಹೇಳಿದರು. ಇಷ್ಟು ದಿನದೊಳಗೆ ಹಾಜರಾಗಬೇಕು, ಬರಲು ಆಗದಿದ್ದರೆ ಒಂದು ಪತ್ರದಲ್ಲಿ ನಿನ್ನ ಮಾತು ಬರೆದು ಕಳಿಸಿದರೂ ಆದೀತು, ಅದನ್ನೂ ಮಾಡದಿದ್ದರೆ ಗಂಡನ ಮಾತನ್ನೇ ನಿಜವೆಂದು ತೀರ್ಮಾನಿಸುತ್ತೇವೆ ಎಂದಿತ್ತು. ಒಂದು ಪತ್ರ ಸಾಕಾಗಿತ್ತು ಜಯಮ್ಮ. ನಾಗರತ್ನ ಏಳನೇ ಕ್ಲಾಸು ಓದಿದವಳು, ಅವಳೇ ಬರೆಯುತ್ತಿದ್ದಳು.

ಸಮನ್ಸು ತೆಗೆದುಕೊಂಡು ಲೈನಿನ ತುದಿಯವರೆಗೆ ಬಂದೆ. ಅಲ್ಲಿಂದ ನೋಡಿದರೆ ಮುನಿರಾಜು ಬಾಗಿಲ ಮುಂದೆ ಸೌದೆ ಸೀಳುತ್ತಿದ್ದ. ಕೊಡಲಿ ಮೇಲೆ ಹೋಗಿ ಕೆಳಗೆ ಬೀಳುವುದನ್ನು ನೋಡುತ್ತಾ ನಿಂತೆ. ಹಲ್ಲು ಹೋದ ಜಾಗಕ್ಕೆ ನಾಲಿಗೆ ತಾನಾಗಿ ಹೋಯಿತು. ಹೆದರಿದೆ — ಹೌದು. ಆದರೆ ಬರೀ ಹೆದರಿಕೆ ಅಂದರೆ ಅದೂ ಅರ್ಧ ಸುಳ್ಳಾಗುತ್ತದೆ. ಅವನ ಮನೆಗೆ ಏನೋ ಕೇಡು ಬರುತ್ತಿದೆ, ಬರಲಿ ಬಿಡು ಎಂದು ಒಳಗೊಬ್ಬ ಕುಣಿಯುತ್ತಿದ್ದ. ಥೂ! ನನ್ನ ಜನ್ಮಕ್ಕಿಷ್ಟು.

ತಿರುಗಿ ಬಂದು ಟೀ ಅಂಗಡಿಯಲ್ಲಿ ಕೂತೆ. ಅಲ್ಲೇ ಷರಾ ಬರೆದೆ: ಮನೆಯಲ್ಲಿದ್ದ ವಯಸ್ಕ ಹೆಂಗಸು ಸಮನ್ಸು ಪಡೆಯಲು ನಿರಾಕರಿಸಿದ್ದರಿಂದ ಪಂಚರ ಸಮಕ್ಷಮ ಬಾಗಿಲಿಗೆ ಅಂಟಿಸಿದೆ. ಪಂಚರೆಂದರೆ ಯಾರು? ಅಂಗಡಿಯವನೊಬ್ಬ, ಬನ್ನು ತಿನ್ನುತ್ತಿದ್ದವನೊಬ್ಬ. ಏನು ಎತ್ತ ಎಂದು ಕೇಳದೆ ಸಹಿ ಹಾಕಿದರು, ಯಾವಾಗಲೂ ಹಾಗೇ ಹಾಕುತ್ತಿದ್ದರು.

ಇದನ್ನು ಹೇಗೆ ಮಾಡಿದೆ, ಕೈ ನಡುಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನಡುಗಲಿಲ್ಲ. ಏಕೆಂದರೆ ನಮ್ಮ ಕೋರ್ಟುಗಳಲ್ಲಿ ಅಮೀನನ ಮೊದಲ ಷರಾವನ್ನು ಯಾವ ನರಪಿಳ್ಳೆಯೂ ನಂಬುತ್ತಿರಲಿಲ್ಲ. 'ನಿರಾಕರಿಸಿದರು' ಎಂದು ಬರೆದರೆ ಜಡ್ಜು ಕನ್ನಡಕದ ಮೇಲಿಂದ ಒಂದು ಸಲ ನೋಡಿ, "ಮತ್ತೊಮ್ಮೆ ಕಳಿಸಿ" ಎನ್ನುತ್ತಿದ್ದರು. ಎರಡನೆಯದು ಬರುತ್ತಿತ್ತು, ಮೂರನೆಯದೂ ಬರುತ್ತಿತ್ತು. ನಾವು ಅಮೀನರು ಮೊದಲನೆಯದನ್ನು ಟೀ ಅಂಗಡಿಯಲ್ಲಿ ಬರೆಯುತ್ತಿದ್ದೆವು, ಎರಡನೆಯದಕ್ಕೆ ಊರಿಗೆ ಹೋಗುತ್ತಿದ್ದೆವು, ಮೂರನೆಯದನ್ನು ಕೈಗೆ ಕೊಡುತ್ತಿದ್ದೆವು. ಜಡ್ಜರಿಗೆ ಗೊತ್ತಿತ್ತು, ವಕೀಲರಿಗೆ ಗೊತ್ತಿತ್ತು, ಗೋಡೆಯ ಮೇಲಿನ ಹಲ್ಲಿಗೂ ಗೊತ್ತಿತ್ತು. ಇನ್ನೊಂದು ಹೇಗೂ ಬರುತ್ತದೆ, ಅಷ್ಟರಲ್ಲಿ ಮುನಿರಾಜು ಶಿಫ್ಟಿಗೆ ಹೋಗಿರುವ ಹೊತ್ತು ನೋಡಿಕೊಂಡು ಕೊಟ್ಟರಾಯಿತು ಅಂದುಕೊಂಡೆ.

ಇನ್ನೊಂದು ಬರಲಿಲ್ಲ. ಅಷ್ಟು ದೂರದ ದೇಶದಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಜಡ್ಜು ನನ್ನ ಒಂದು ಸಾಲನ್ನು ಓದಿ, ಇಂಡಿಯಾದ ಕೋರ್ಟಿನ ಮೊಹರಿದೆ, ಸಿಬ್ಬಂದಿಯ ಸಹಿಯಿದೆ, ಇಬ್ಬರು ಸಾಕ್ಷಿಗಳಿದ್ದಾರೆ ಎಂದು ನಂಬಿಬಿಟ್ಟ. ನನ್ನ ಜೀವಮಾನದಲ್ಲಿ ನನ್ನ ಷರಾವನ್ನು ನಂಬಿದ ಒಬ್ಬನೇ ಮನುಷ್ಯ. ತಾಯಿಗೆ ಕರೆ ಹೋಗಿದೆ, ಅವಳು ಬರಲಿಲ್ಲ, ಪತ್ರವನ್ನೂ ಬರೆಯಲಿಲ್ಲ, ಆದ್ದರಿಂದ ಮಗು ತಂದೆಗೆ ಎಂದು ತೀರ್ಪು ಬರೆದ.

ಆ ತೀರ್ಪು ಹಿಡಿದು ಸಂಪಂಗಿ ಬಂದ. ಅದು ಇಲ್ಲಿ ನಡೆಯಬೇಕಾದರೆ ಇಲ್ಲಿನ ಕೋರ್ಟಿಗೆ ಅದನ್ನು ಹಾಜರುಪಡಿಸಿ ಆಜ್ಞೆ ಪಡೆಯಬೇಕಿತ್ತು. ಅವನಿಗೆ ಅದೆಲ್ಲ ಎಲ್ಲಿ ಬೇಕಿತ್ತು? ಕಾರಿನಲ್ಲಿ ನಾಲ್ಕು ಜನರನ್ನು ತುಂಬಿಕೊಂಡು, ಮುನಿರಾಜು ಗಣಿಯೊಳಗಿರುವ ಹೊತ್ತು ನೋಡಿ, ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಲೈನಿಗೆ ನುಗ್ಗಿದ. ಮುಂದಿನದನ್ನು ನಾನು ಕಂಡಿಲ್ಲ, ಕೋರ್ಟಿನ ಹೇಳಿಕೆಗಳಲ್ಲಿ ಓದಿದ್ದೇನೆ. ನಾಗರತ್ನಳನ್ನು ಕೂದಲು ಹಿಡಿದು ಗೋಡೆಗೆ ಗುದ್ದಿದ, ಹುಬ್ಬು ಸೀಳಿ ಕಣ್ಣಿಗೆ ರಕ್ತ ಇಳಿಯಿತು. ಮಗುವನ್ನು ಮನೆಯೊಳಕ್ಕೆ ತಳ್ಳಿ ಬಾಗಿಲಿಗೆ ಅಡ್ಡ ನಿಂತವಳು ನೀನು. ಒನಕೆ ಎತ್ತಿ ಒಬ್ಬನ ಭುಜ ಮುರಿದೆ, ಇನ್ನೊಬ್ಬನ ಕೈ ಕಚ್ಚಿ ಮಾಂಸ ಕಿತ್ತೆ. ಅವರು ನಿನ್ನ ಬಲಗೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಕದ ಎಳೆದರು. ಮೂರು ಬೆರಳು ಮುರಿದವು. ಆಮೇಲೂ ನೀನು ಮಗುವಿನ ಲಂಗ ಬಿಡಲಿಲ್ಲವಂತೆ, ಎಡಗೈಯಲ್ಲಿ ಹಿಡಿದೇ ಇದ್ದೆಯಂತೆ, ಲಂಗ ಹರಿದು ಕೈಯಲ್ಲಿ ಉಳಿಯಿತಂತೆ.

ಅಕ್ಕಪಕ್ಕದವರು ಓಡಿ ಬಂದರೆ ಸಂಪಂಗಿ ಆ ತೀರ್ಪಿನ ಕಾಗದವನ್ನು ಎತ್ತಿ ಹಿಡಿದ. "ಕೋರ್ಟ್ ಆರ್ಡರ್ ಇದೆ, ಮುಟ್ಟಿದ್ರೆ ಜೈಲು!" ಕೆಂಪು ಅರಗು ಕಂಡು ಎಲ್ಲರೂ ಹಿಂದೆ ಸರಿದರು.

ಮುಂದಿನದನ್ನು ನಾನು ಕಣ್ಣಾರೆ ಕಂಡೆ. ಅವತ್ತು ನನಗೆ ರಜೆ, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಭಾವಮೈದುನನನ್ನು ರೈಲು ಹತ್ತಿಸಲು ಬಂದಿದ್ದೆ. ಮದ್ರಾಸಿನ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಗಂಡಸು ಮಗುವನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದ. ಮಗುವಿನ ಮೈಮೇಲೆ ಲಂಗವಿಲ್ಲ, ಬರೀ ಚಡ್ಡಿ, ಒಂದೇ ಕಾಲಿಗೆ ಚಪ್ಪಲಿ, ಕುತ್ತಿಗೆಯ ಮೇಲೆ ಉಗುರಿನ ಗೀರು. ಅದು ಅಮ್ಮಾ ಎನ್ನುತ್ತಿರಲಿಲ್ಲ. ನಿನ್ನನ್ನು ಕರೆಯುತ್ತಿತ್ತು. "ಅತ್ತೇ... ಅತ್ತೇ... ಬಾ ಅತ್ತೇ..." ಅವನು ಅದರ ಬಾಯಿ ಮುಚ್ಚಿ ಕೆನ್ನೆಗೆ ಬಿಟ್ಟ. ಸುತ್ತ ಜನ ಸೇರಿದರು. ಅವನು ಅದೇ ಕಾಗದ ತೆಗೆದ. ಫಾರಿನ್ ಕೋರ್ಟು, ತಾಯಿಗೆ ನೋಟೀಸು ಹೋಗಿದೆ, ಬೇಕಾದರೆ ಉರಿಗಾಂನಲ್ಲಿ ವಿಚಾರಿಸಿ ಎಂದ.

ಎಲ್ಲ ಒಂದೇ ಏಟಿಗೆ ಗೊತ್ತಾಯಿತು. ನಾನು ಒಂದು ಮಾತು ಹೇಳಿದ್ದರೆ — ನೋಟೀಸು ಹೋಗಿಲ್ಲ, ನಾನೇ ಅಮೀನ, ಹೋಗಿಲ್ಲ ಎಂದು ಕೂಗಿದ್ದರೆ — ಅಲ್ಲಿದ್ದ ಜನ ಅವನನ್ನು ರೈಲು ಹತ್ತಲು ಬಿಡುತ್ತಿದ್ದರೇ? ರೈಲು ಬಂತು, ಅವನು ಹತ್ತಿದ. ನಾನು ಭಾವಮೈದುನನ ಟ್ರಂಕು ಎತ್ತಿಕೊಟ್ಟೆ.

ನಾಗರತ್ನ ಕೋರ್ಟಿಗೆ ಬಂದಳು, ನಮ್ಮ ಕೋರ್ಟಿಗೇ. ಆ ತೀರ್ಪು ತನಗೆ ಅನ್ವಯಿಸುವುದಿಲ್ಲವೆಂದು ಘೋಷಿಸಬೇಕು, ಮಗುವನ್ನು ವಾಪಸು ತರಿಸಬೇಕು ಎಂದು. ಅವಳ ವಕೀಲರು ಸೈಕಲಿನಲ್ಲಿ ಬರುತ್ತಿದ್ದ ರಾಮಮೂರ್ತಿಗಳು. ಮೊದಲ ದಿನವೇ ಜಡ್ಜು ಅವರಿಗೆ ಹೇಳಿದ್ದು ನನಗೆ ನೆನಪಿದೆ. ಬೇರೆ ದೇಶದ ತೀರ್ಪು ಅಂದ ಮಾತ್ರಕ್ಕೆ ನಾವು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ, ತಿರಸ್ಕರಿಸಲೂಬೇಕಾಗಿಲ್ಲ. ಎದುರು ಕಡೆಯವರನ್ನು ಕರೆದು, ಅವರ ಮಾತನ್ನು ಕೇಳುವ ಅವಕಾಶ ಕೊಟ್ಟು ಮಾಡಿದ ತೀರ್ಪೇ ಎಂದು ನೋಡುತ್ತೇವೆ. ಕೊಟ್ಟಿಲ್ಲವೆಂದು ಸಾಬೀತಾದರೆ ಈ ದೇಶದಲ್ಲಿ ಅದು ರದ್ದಿ ಕಾಗದ, ಸರಕಾರದ ಮೂಲಕ ಆ ಕೋರ್ಟಿಗೂ ಬರೆಯುತ್ತೇನೆ. ಹಾಗೆಂದರು. ಒಳ್ಳೆಯ ಮನುಷ್ಯ. ಹಾಗಾಗಿ ಇಡೀ ಕೇಸು ಬಂದು ನಿಂತದ್ದು ನನ್ನ ಬಾಯಿಯ ಮೇಲೆ.

ನಾನು ಕಟಕಟೆ ಹತ್ತಿದೆ. ನಿಜ ಹೇಳಿದರೆ ಕೆಲಸ ಹೋಗುತ್ತಿತ್ತು, ಜೈಲೂ ಆಗುತ್ತಿತ್ತು. ರಾಮಮೂರ್ತಿಗಳು ಕಂಬದಂತೆ ಎದುರು ನಿಂತು ಕೇಳಿದರು.

"ಮನೆಯಲ್ಲಿ ಯಾರಿದ್ದರು?"

"ಒಬ್ಬ ಹೆಂಗಸು."

"ನಾಗರತ್ನ ಅವರೇ?"

"ಅಲ್ಲ ಸ್ವಾಮಿ, ಬೇರೆ ಹೆಂಗಸು."

"ಕಂಡರೆ ಗುರುತು ಹಿಡೀತೀರಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಲ್ಲವೆಂದರೆ ನನ್ನ ಸುಳ್ಳು ಸಡಿಲವಾಗುತ್ತದೆ ಎಂದು ಹೆದರಿದೆ. ಹಾಲಿನೊಳಗೆ ಕಣ್ಣಾಡಿಸಿದೆ. ಮುನಿರಾಜು ಕೂತಿದ್ದ. ಅವನ ಪಕ್ಕದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಹೆಂಗಸು. ನನ್ನ ಹಲ್ಲಿನ ಸಂದು ಚುರ್ರೆಂದಿತು. ಬೆರಳೆತ್ತಿ ತೋರಿಸಿದೆ.

"ಇವರೇ ಸ್ವಾಮಿ."

ನೀನು ಎದ್ದು ನಿಂತೆ. ಆ ಪಟ್ಟಿ ಕಟ್ಟಿದ ಕೈಯನ್ನೇ ಚಾಚಿದೆ. "ನಿನ್ ಬಾಯಿಗೆ ಮಣ್ಣಾಕ! ನಾನ್ಯಾವಾಗ್ಲಾ ನಿನ್ ಮೊಕ ಕಂಡೆ? ದೇವ್ರಂತ ಮಗೀನ್ ಮೇಲೆ ಸುಳ್ಳೇಳ್ತೀಯೇನ್ಲಾ?" ಪೇದೆ ನಿನ್ನನ್ನು ರಟ್ಟೆ ಹಿಡಿದು ಕೂರಿಸಿದ. ಜಡ್ಜು ಗದರಿದರು. ಮುನಿರಾಜು ನನ್ನನ್ನು ನೋಡಲಿಲ್ಲ. ಅವನು ನಿನ್ನನ್ನು ನೋಡುತ್ತಿದ್ದ.

ನೀನೂ ನಾಗರತ್ನಳೂ ಕೊಳಾಯಿ ನೀರಿಗೆ, ಒಲೆಗೆ, ಮಲಗುವ ಜಾಗಕ್ಕೆ ಜಗಳ ಆಡಿದ್ದು ಲೈನಿಗೆಲ್ಲ ಗೊತ್ತಿತ್ತಂತೆ. ಒಂದೇ ಕೋಣೆಯ ಮನೆ, ಯಾರು ಆಡುವುದಿಲ್ಲ? ಆದರೆ ನನ್ನ ಬೆರಳು ಅದಕ್ಕೆಲ್ಲ ಬೇರೆ ಅರ್ಥ ಕೊಟ್ಟುಬಿಟ್ಟಿತು. ನಾದಿನಿ ಮನೆ ಬಿಟ್ಟು ಹೋಗಲೆಂದು ಇವಳೇ ಕಾಗದ ಕಿತ್ತು ಒಲೆಗೆ ಹಾಕಿದ್ದಾಳೆ ಎಂದರು.

ಕೋರ್ಟಿನ ಅಂಗಳದ ಹುಣಸೆಮರದ ಕೆಳಗೆ ಮುನಿರಾಜು ನಿನ್ನನ್ನು ಹೊಡೆದ. ನಾನು ರೆಕಾರ್ಡ್ ರೂಮಿನ ಕಿಟಕಿಯಿಂದ ನೋಡಿದೆ. ಅದೇ ಬೆಲ್ಟು. ಬಿದ್ದ ಮೇಲೆ ಬೂಟುಗಾಲಿನಲ್ಲಿ ಎಡಗಿವಿಗೆ ಒದ್ದ, ಮತ್ತೆ ಅದೇ ಜಾಗಕ್ಕೆ ಒದ್ದ. "ನನ್ ತಂಗಿ ಮಗೀನ ನೀನೇ ಕಳೆದ್ಬಿಟ್ಟಲ್ಲೇ! ಏಳೇ, ಕಾಗ್ದ ಎಲ್ಲಿಕ್ಕಿದ್ದೆ, ಏಳೇ!" "ಅವ್ನು ಅಂಟ್ಸಿಲ್ಲ, ಅಂಟ್ಸಿಲ್ಲ" ಎಂದಷ್ಟೇ ನೀನು ಹೇಳುತ್ತಿದ್ದೆ. ಕಿವಿಯಿಂದ ರಕ್ತ ಬಂತು. ನಾಗರತ್ನ ಮೆಟ್ಟಿಲ ಮೇಲೆ ಕೂತು ನೋಡಿದಳು, ಬಿಡಿಸಲಿಲ್ಲ. ನಾನು ಮೂವತ್ತು ಹೆಜ್ಜೆ ದೂರದಲ್ಲಿದ್ದೆ. ನನಗೆ ಬಿದ್ದ ಏಟು ಅವನ ಹೆಂಡತಿಗೂ ಬೀಳುತ್ತಿದೆ ಎಂದು ಒಂದು ಕ್ಷಣ — ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ — ಒಂದೇ ಕ್ಷಣ, ಸಮಾಧಾನವಾಯಿತು. ಆಮೇಲೆ ಕಿಟಕಿಯ ಕದ ಎಳೆದುಕೊಂಡೆ.

ಕೇಸು ವಜಾ ಆಯಿತು. ನೋಟೀಸು ಮುಟ್ಟಿದೆ ಎಂದಾದ ಮೇಲೆ ಆ ಕೋರ್ಟಿಗೇ ಹೋಗಿ ಕೇಳಿಕೊಳ್ಳಬೇಕು, ದೇಶ ಬಿಟ್ಟು ಹೋದ ಮಗುವಿನ ಮೇಲೆ ನಮ್ಮ ಆಜ್ಞೆ ನಡೆಯುವುದಿಲ್ಲ ಎಂದು ಜಡ್ಜು ಬರೆದರು. ಅಲ್ಲಿಗೆ ಹೋಗುವುದೆಲ್ಲಿ ಬಂತು? ನಾಗರತ್ನ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಮುನಿರಾಜು ನಿನ್ನನ್ನು ಕಾಮಸಮುದ್ರದ ಹತ್ತಿರದ ನಿನ್ನ ತವರೂರಿಗೆ ಬಸ್ಸು ಹತ್ತಿಸಿ, ಮತ್ತೆ ಕರೆಯಲಿಲ್ಲ. ನಾಲ್ಕು ವರ್ಷದ ಮೇಲೆ ಗಣಿಯೊಳಗೆ ಬಂಡೆ ಸಿಡಿದು ಸತ್ತ. ಮಣ್ಣಿಗೆ ಬಂದ ನಿನ್ನನ್ನು ನಾಗರತ್ನ ಹೆಣ ಮುಟ್ಟಲು ಬಿಡಲಿಲ್ಲವಂತೆ. ಇದೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇತ್ತು. ಕೇಳಿಸಿಕೊಳ್ಳುತ್ತಿದ್ದೆ, ಊಟ ಮಾಡುತ್ತಿದ್ದೆ, ಮಲಗುತ್ತಿದ್ದೆ.

ಹೋದ ವಾರ ರಾಮಮೂರ್ತಿಗಳು ಹೇಳಿಕಳಿಸಿದರು. ಈಗ ಸೈಕಲ್ ತುಳಿಯಲಾರರು, ಹಣ್ಣಾಗಿದ್ದಾರೆ. ಒಂದು ಕಾಗದ ಮುಂದಿಟ್ಟು, "ನೀನು ಓದಬೇಕು ಅನ್ನಿಸಿತು ವೆಂಕಟಪ್ಪ" ಎಂದು ಕಣ್ಣುಮುಚ್ಚಿ ಕೂತರು. ಮಂಜುಳ ತಾಯಿಗೆ ಬರೆದ ಇಂಗ್ಲಿಷ್ ಪತ್ರ, ಪಕ್ಕದಲ್ಲಿ ಅವರೇ ಮಾಡಿದ ಕನ್ನಡ. ಹುಡುಗಿಗೆ ಈಗ ಹತ್ತೊಂಬತ್ತು. ಅಪ್ಪನ ಪೆಟ್ಟಿಗೆಯಲ್ಲಿ ತೀರ್ಪಿನ ಪ್ರತಿ ಸಿಕ್ಕಿದೆ, ಓದಿದ್ದಾಳೆ. ಅಪ್ಪ ಹೊಡೆಯುವಾಗಲೆಲ್ಲ ಅಮ್ಮ ಬಂದು ಕರೆದುಕೊಂಡು ಹೋಗುತ್ತಾಳೆ ಎಂದು ಕಾಯುತ್ತಿದ್ದೆ, ಕೋರ್ಟೇ ಕರೆದರೂ ನೀನು ಬರಲಿಲ್ಲವೆಂದು ಈಗ ತಿಳಿಯಿತು, ಒಂದು ಪತ್ರವನ್ನಾದರೂ ಯಾಕೆ ಬರೆಯಲಿಲ್ಲ ಎಂದಷ್ಟೇ ಕೇಳಿದ್ದಾಳೆ. ಕೊನೆಯಲ್ಲಿ ಇನ್ನೊಂದು ಸಾಲು. ಬಾಗಿಲಲ್ಲಿ ನನ್ನ ಲಂಗ ಹಿಡಿದು ಬಿಡದಿದ್ದ ಒಬ್ಬರು ಅತ್ತೆ ಇದ್ದರು, ಅವರು ಬದುಕಿದ್ದಾರೆಯೇ?

ನಾಗರತ್ನ ಆ ಇಂಗ್ಲಿಷ್ ಪತ್ರವನ್ನು ರಾಮಮೂರ್ತಿಗಳಿಂದ ಓದಿಸಿಕೊಂಡು, ಅತ್ತೆಯ ಸಾಲಿಗೆ ಬಂದಾಗ, "ಅವ್ಳ್ ಯೆಸ್ರು ಬರೀಬೇಡ್ರಿ ಸ್ವಾಮಿ, ಅವ್ಳೇ ಅಲ್ವ್ರಾ ಕಾಗ್ದ ಸುಟ್ಟೋಳು" ಅಂದಳಂತೆ. ರಾಮಮೂರ್ತಿಗಳು ಕಣ್ಣು ತೆರೆದು ನನ್ನನ್ನು ನೋಡಿದರು. ಅವರಿಗೆ ಹದಿನಾಲ್ಕು ವರ್ಷದಿಂದ ಅನುಮಾನವಿತ್ತು, ಸಾಕ್ಷಿ ಇರಲಿಲ್ಲ.

ಸಾಕ್ಷಿ ನನ್ನ ಹತ್ತಿರ ಇತ್ತು. ಅಂಟಿಸಬೇಕಾಗಿದ್ದ ಆ ಪ್ರತಿಯನ್ನು ನಾನು ಹರಿಯಲಿಲ್ಲ, ಸುಡಲೂ ಇಲ್ಲ. ಯಾಕೆ ಇಟ್ಟುಕೊಂಡೆನೋ ಗೊತ್ತಿಲ್ಲ. ಮದುವೆಯ ಪಂಚೆಯ ಕೆಳಗೆ, ಟ್ರಂಕಿನ ತಳದಲ್ಲಿ ಇದೆ. ಅರಗು ಒಂದಿಷ್ಟೂ ಒಡೆದಿಲ್ಲ, ಹಿಂಬದಿಗೆ ಗೋಂದಿನ ಗುರುತೂ ಇಲ್ಲ.

ಮರುದಿನವೇ ಪ್ರಮಾಣಪತ್ರ ಬರೆಸಿ ಸಹಿ ಹಾಕಿದೆ. ಒಂದು ಪ್ರತಿ ಕೋರ್ಟಿಗೆ, ಅವರೇನು ಶಿಕ್ಷೆ ಕೊಡುತ್ತಾರೋ ಕೊಡಲಿ. ಒಂದು ಮಂಜುಳಳಿಗೆ, ಇಂಗ್ಲಿಷಿನಲ್ಲಿ. ಒಂದನ್ನು ನಿನ್ನೆ ನಾನೇ ನಾಗರತ್ನಳಿಗೆ ಓದಿ ಹೇಳಿದೆ. ಅವಳು ಒರೆಸುವ ಕೋಲಿನಿಂದ ನನ್ನ ಮುಖಕ್ಕೆ ಹೊಡೆದಳು. ಆಮೇಲೆ ನೆಲಕ್ಕೆ ಕುಸಿದು ನಿನ್ನ ಹೆಸರು ಹಿಡಿದು ಕೂಗಿದಳು. "ಅತ್ಗೇ, ನಾನು ಬಿಡಿಸ್ನಿಲ್ಲ ಅತ್ಗೇ" ಎಂದು ತಲೆ ಚಚ್ಚಿಕೊಂಡಳು. ನನ್ನ ತುಟಿ ಒಡೆದಿದೆ, ಬರೆಯುವಾಗ ಉರಿಯುತ್ತಿದೆ.

ಇನ್ನು ನೀನು. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಬೆರಳು, ಕಿವಿ, ಗಂಡ, ಮನೆ — ಯಾವುದನ್ನು ತಂದುಕೊಡಲಿ? ನಾಳೆ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ನೀನು ಡೈರಿಗೆ ಹಾಲು ಹಾಕುವ ಹೊತ್ತಿಗೆ ನಿಮ್ಮೂರಿನವರೆಲ್ಲ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತಾರಂತೆ. ನಾಲ್ಕು ಜನರ ಎದುರೇ ನಿನ್ನ ಕಡೆ ಬೆರಳು ತೋರಿಸಿದವನು ನಾನು, ಮನೆಯೊಳಗೆ ಬಂದು ಪಿಸುಗುಟ್ಟಿ ಹೋಗುವುದಿಲ್ಲ. ಆ ಸಾಲಿನ ಮುಂದೆ, ಇನ್ನೂ ಕೇಳುವ ನಿನ್ನ ಬಲಗಿವಿಯ ಕಡೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಆಮೇಲೆ ಆ ಸಮನ್ಸನ್ನು ನಿನ್ನ ಕೈಗೆ ಕೊಡುತ್ತೇನೆ. ತೆಗೆದುಕೊಳ್ಳುವುದಿಲ್ಲ ಎಂದರೆ, ಜಯಮ್ಮ, ಈ ಸಲ ಆ ಷರಾ ನಿಜವಾಗಿರುತ್ತದೆ.